ಆಡು ಮುಟ್ಟದ ಎಲೆ: ಆಡುಸೋಗೆ ಸಾರವನ್ನು ಹಂತಹಂತವಾಗಿ ಪರೀಕ್ಷಿಸುವ ಕ್ರಮ

ಆಡು ಮುಟ್ಟದ ಸೊಪ್ಪಿಲ್ಲ ಎಂಬ ಗಾದೆ ಕಟ್ಟಿದವರು ಆಡುಸೋಗೆಯನ್ನು ಮರೆತಿರಬೇಕು. ಆಡು ಬಾಯಿ ಹಾಕುವುದಿಲ್ಲ ಎಂಬ ಕಾರಣಕ್ಕೇ ಗೋಕಾಕ, ರಾಯಬಾಗ, ಜಮಖಂಡಿ ಕಡೆ ಅದನ್ನು ಹೊಲದ ಬದುವಿನ ಮೇಲೆ ಬೇಲಿಯಾಗಿ ಬೆಳೆಸುತ್ತಾರೆ. ಬೆಳಗಾವಿ ಪೇಟೆಯಲ್ಲಿ ಅದಕ್ಕೆ ಮರಾಠಿಯ ಅಡುಳಸಾ ಎಂಬ ಹೆಸರು, ಆಯುರ್ವೇದದಲ್ಲಿ ವಾಸಾ. ಕೆಮ್ಮು, ಕಫದ ಔಷಧಿಗಳಿಗೆ ಹೋಗುವ ಎಲೆ. ಇದರ ಮುಖ್ಯ ಆಲ್ಕಲಾಯ್ಡ್, ಅಂದರೆ ಸಾರಜನಕವಿರುವ ಸಸ್ಯಸತ್ವ, ವ್ಯಾಸಿಸಿನ್. ಕೆಮ್ಮಿನ ಸಿರಪ್‌ಗಳಲ್ಲಿರುವ ಬ್ರೋಮ್‌ಹೆಕ್ಸಿನ್ ರೂಪುಗೊಂಡದ್ದು ಇದೇ ವ್ಯಾಸಿಸಿನ್‌ನ ರಚನೆಯನ್ನು ಆಧರಿಸಿ.

ಸಣ್ಣ ಪ್ರಮಾಣದಲ್ಲಿ ಎಲೆಸಾರ ತಯಾರಿಸುವವರನ್ನೂ ಪ್ರಯೋಗಾಲಯಕ್ಕೆ ಹೊಸದಾಗಿ ಕಾಲಿಟ್ಟ ವಿದ್ಯಾರ್ಥಿಗಳನ್ನೂ ಮನಸ್ಸಿನಲ್ಲಿಟ್ಟುಕೊಂಡು ಇದನ್ನು ಬರೆಯುತ್ತಿದ್ದೇನೆ. ಹತ್ತು ಗಿಡಗಳ ಬಗ್ಗೆ ಹತ್ತು ಮಾತು ಹೇಳುವುದಕ್ಕಿಂತ ಒಂದೇ ಎಲೆಯನ್ನು ಹಿಡಿದು ಕೊನೆಯವರೆಗೂ ಹೋಗುವುದು ಮೇಲು. ತುಳಸಿಗೂ ಮಧುನಾಶಿನಿಗೂ ಕ್ರಮ ಇದೇ. ಮಿತಿಗಳು ಮಾತ್ರ ಬೇರೆ.

ಗುಣಮಟ್ಟ ಎಂದೊಡನೆ ಜನ ಕೊನೆಯಲ್ಲಿ ಬರುವ ಪ್ರಮಾಣಪತ್ರದತ್ತ ನೋಡುತ್ತಾರೆ, ಹಣವನ್ನೂ ಅಲ್ಲಿಯೇ ಸುರಿಯುತ್ತಾರೆ. ಆದರೆ ಕೆಟ್ಟ ಸಾರದ ಜಾಡು ಹಿಡಿದು ಹಿಂದಕ್ಕೆ ನಡೆದಾಗಲೆಲ್ಲ ನಾನು ಹೋಗಿ ನಿಂತದ್ದು ಬೇಲಿಯ ಬುಡದಲ್ಲಿ, ಇಲ್ಲವೆ ಎಲೆ ಒಣಗಿಸಿದ ಚಪ್ಪರದಲ್ಲಿ. ಅದಕ್ಕೇ ಈ ಕ್ರಮದಲ್ಲಿ ಅಗ್ಗದ ಪರೀಕ್ಷೆಗಳು ಮೊದಲು ಬರುತ್ತವೆ, ದುಬಾರಿ ಯಂತ್ರ ಕೊನೆಗೆ.

ಹಂತ 1: ಬೇಲಿಯನ್ನು ನೋಡಿ ಬನ್ನಿ

ಎಲೆ ಕೊಳ್ಳುವ ಮೊದಲು ಅದು ಬೆಳೆದ ಜಾಗಕ್ಕೆ ಒಮ್ಮೆ ಹೋಗಿ. ಸುತ್ತ ಏನಿದೆ ಎಂಬುದನ್ನು ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳಿ. ಬೆಳಗಾವಿ, ಬಾಗಲಕೋಟೆ ಜಿಲ್ಲೆಗಳಲ್ಲಿ ಸಕ್ಕರೆ ಕಾರ್ಖಾನೆಯ ಹತ್ತಿರದ ಬೇಲಿಯಾದರೆ ಕಬ್ಬು ಅರೆಯುವ ಹಂಗಾಮಿನಲ್ಲಿ ಬಾಯ್ಲರಿನ ಕರಿಬೂದಿ ಎಲೆಯ ಮೇಲೆ ಕೂತಿರುತ್ತದೆ. ಇಳಕಲ್ ಕಡೆಯಾದರೆ ಗ್ರಾನೈಟ್ ಪುಡಿ. ಲೋಕಾಪುರದ ಸುತ್ತ ಸುಣ್ಣದ ಕಲ್ಲಿನ ದೂಳು. ವಿಜಯಪುರದ ದ್ರಾಕ್ಷಿ ತೋಟದ ಬದುವಾದರೆ ತೋಟಕ್ಕೆ ಹೊಡೆದ ಔಷಧಿ ಗಾಳಿಯಲ್ಲಿ ತೇಲಿಬಂದು ಬೇಲಿಗೂ ತಗುಲಿರುತ್ತದೆ. ಅಂಥ ಎಲೆ ಎಷ್ಟೇ ಹಸಿರಾಗಿ, ದಪ್ಪವಾಗಿ ಕಂಡರೂ ನಾನು ಕೊಳ್ಳುವುದಿಲ್ಲ. ಕೀಟನಾಶಕದ ಶೇಷವನ್ನು ಪರೀಕ್ಷಿಸುವ ಖರ್ಚಿನಲ್ಲಿ ಬೇರೆ ಊರಿನ ಒಳ್ಳೆಯ ಎಲೆಯೇ ಬರುತ್ತದೆ.

ದೂಳಿನ ಈ ಟಿಪ್ಪಣಿ ಮುಂದೆ ಬೂದಿ ಪರೀಕ್ಷೆಯಲ್ಲಿ ಕೆಲಸಕ್ಕೆ ಬರುತ್ತದೆ.

ಹಂತ 2: ಇದು ಆಡುಸೋಗೆಯೇ?

ಆಡುಸೋಗೆಯ ಎಲೆ ಸರಳ ಎಲೆ. ಕೊಂಬೆಯ ಮೇಲೆ ಎದುರುಬದುರಾಗಿ ಜೋಡಿಯಾಗಿ ಹುಟ್ಟುತ್ತದೆ. 10ರಿಂದ 30 ಸೆಂ.ಮೀ. ಉದ್ದ, 3ರಿಂದ 10 ಸೆಂ.ಮೀ. ಅಗಲ, ಭರ್ಜಿಯ ಆಕಾರ, ಅಂಚು ನಯ. ಪೇಟೆಯಲ್ಲಿ ಇದಕ್ಕೆ ಬೆರಕೆಯಾಗಿ ಬರುವುದು ಮರಾಠಿಯವರು ಮಹಾರುಖ ಎನ್ನುವ ಮರದ ಎಲೆ. ಶಾಸ್ತ್ರೀಯ ಹೆಸರು ಐಲಾಂಥಸ್ ಎಕ್ಸೆಲ್ಸಾ. ಅದು ಬೇವಿನಂತೆ ಒಂದೇ ಕಡ್ಡಿಗೆ ಹಲವು ಕಿರುಎಲೆಗಳಿರುವ ಸಂಯುಕ್ತ ಎಲೆ. ಕಿರುಎಲೆಯ ಅಂಚು ಒರಟಾಗಿ ಗರಗಸದಂತಿರುತ್ತದೆ, ಬುಡದ ಎರಡು ಬದಿ ಸಮವಾಗಿರುವುದಿಲ್ಲ. ಇಡೀ ಎಲೆ ಕೈಯಲ್ಲಿದ್ದರೆ ಮಗುವೂ ಗುರುತಿಸಬಲ್ಲದು. ಪುಡಿಯಾದ ಮೇಲೆ ಎರಡೂ ಹಸಿರು ಹಿಟ್ಟೇ. ಆದ್ದರಿಂದ ಎಲೆಯನ್ನು ಎಂದೂ ಪುಡಿಯಾಗಿ ಕೊಳ್ಳಬೇಡಿ.

ಕೊಂಡೇ ಆಗಿದ್ದರೆ ಸೂಕ್ಷ್ಮದರ್ಶಕವಿದೆ. ಚಿಟಿಕೆ ಪುಡಿಯನ್ನು ಕ್ಲೋರಲ್ ಹೈಡ್ರೇಟ್ ದ್ರಾವಣದಲ್ಲಿ ಕಾಯಿಸಿ ತಿಳಿಮಾಡಿ, ಒಂದು ತೊಟ್ಟು ಗ್ಲಿಸರಿನ್ ಹಾಕಿ ಗಾಜಿನ ಪಟ್ಟಿಯ ಮೇಲೆ ನೋಡಿ. ಆಡುಸೋಗೆಯ ಪತ್ರರಂಧ್ರದ ಅಕ್ಕಪಕ್ಕದ ಎರಡು ಕೋಶಗಳು ರಂಧ್ರಕ್ಕೆ ಅಡ್ಡಲಾಗಿ ಕೂತಿರುತ್ತವೆ. ಒಂದರಿಂದ ಮೂರು ಕೋಶಗಳ, ಮೈಮೇಲೆ ಸಣ್ಣ ಗುಳ್ಳೆಗಳಿರುವ ರೋಮಗಳು ಕಾಣುತ್ತವೆ. ಉದ್ದನೆಯ ಸಿಸ್ಟೋಲಿತ್ (ಕೋಶದೊಳಗಿನ ಸುಣ್ಣದ ಗಂಟು) ಕಂಡರೆ ಗುರುತು ಇನ್ನೂ ಗಟ್ಟಿ.

ಮೊದಲ ಸಲ ಖಾತ್ರಿಯಾದ ಎಲೆಯನ್ನು ಸಸ್ಯಶಾಸ್ತ್ರ ಬಲ್ಲವರಿಗೆ ತೋರಿಸಿ, ಹೂವಿನ ಸಮೇತ ಒಂದು ಕೊಂಬೆಯನ್ನು ಒತ್ತಿ ಒಣಗಿಸಿ ಇಟ್ಟುಕೊಳ್ಳಿ. ಬೆಳಗಾವಿಯ ನೆಹರೂ ನಗರದಲ್ಲಿ ಐಸಿಎಂಆರ್‌ನ ರಾಷ್ಟ್ರೀಯ ಪಾರಂಪರಿಕ ವೈದ್ಯಕೀಯ ಸಂಸ್ಥೆಯಿದೆ. 2006ರಲ್ಲಿ ಪ್ರಾದೇಶಿಕ ಸಂಶೋಧನಾ ಕೇಂದ್ರವಾಗಿ ಶುರುವಾದದ್ದು. ಶಹಾಪುರದಲ್ಲಿ ಕೆಎಲ್‌ಇ ಆಯುರ್ವೇದ ಮಹಾವಿದ್ಯಾಲಯ, ಬಾಗಲಕೋಟೆಯಲ್ಲಿ ತೋಟಗಾರಿಕೆ ವಿಶ್ವವಿದ್ಯಾಲಯ ಇವೆ. ಗಿಡ ಬಲ್ಲವರನ್ನು ಹುಡುಕಿಕೊಂಡು ಬೆಂಗಳೂರಿನ ಬಸ್ ಹತ್ತಬೇಕಾಗಿಲ್ಲ.

ಹಂತ 3: ಒಣಗಿಸುವುದು, ಸ್ಯಾಂಪಲ್ ತೆಗೆಯುವುದು

ನೆರಳಿನಲ್ಲಿ, ಗಾಳಿಯಾಡುವಲ್ಲಿ, ನೆಲಕ್ಕೆ ತಾಗದಂತೆ ತೆಳುವಾಗಿ ಹರಡಿ ಒಣಗಿಸಿ. ವ್ಯಾಸಿಸಿನ್ ಗಾಳಿಯ ಆಮ್ಲಜನಕದೊಂದಿಗೆ ಸೇರಿ ನಿಧಾನವಾಗಿ ವ್ಯಾಸಿಸಿನೋನ್ ಆಗಿ ಬದಲಾಗುತ್ತದೆ. ಬಿಸಿಲು ಬಿದ್ದರೆ ಬೇಗ. ವಿಜಯಪುರದ ಬೇಸಿಗೆಯಲ್ಲಿ ಎಲೆ ಬೇಗ ಗರಿಗರಿಯಾಗುತ್ತದೆ, ಖಾನಾಪುರದ ಜುಲೈನಲ್ಲಿ ವಾರವಾದರೂ ಮೆತ್ತಗೇ ಇದ್ದು ಬೂಷ್ಟು ಹಿಡಿಯುತ್ತದೆ. ಒಣದ್ರಾಕ್ಷಿಯ ಶೆಡ್ಡು ಖಾಲಿ ಇದೆ ಎಂದು ಒಬ್ಬರು ಅಲ್ಲಿ ನಮ್ಮ ಎಲೆ ಹರಡಿದ್ದರು. ಗಾಳಿ, ನೆರಳು, ಎತ್ತರದ ಬಲೆ ಎಲ್ಲವೂ ಸರಿಯಾಗಿದ್ದವು. ಆದರೆ ಬಲೆಗೆ ಅಂಟಿದ್ದ ಹಳೆಯ ದ್ರಾಕ್ಷಿಯ ಜಿಗುಟು ಮತ್ತು ಗಂಧಕದ ಹೊಗೆಯ ವಾಸನೆ ಎಲೆಗೆ ಬಂದು, ಅಷ್ಟನ್ನೂ ತಿಪ್ಪೆಗೆ ಸೇರಿಸಬೇಕಾಯಿತು. ಶೆಡ್ಡು ಬಳಸುವುದಾದರೆ ಬಲೆಯನ್ನು ತೊಳೆದು ಬಳಸಿ.

ಸ್ಯಾಂಪಲ್ ತೆಗೆಯುವಾಗ ಮೇಲಿನ ಚೀಲದ ಮೇಲಿನ ಹಿಡಿಯನ್ನು ಎತ್ತಿಕೊಂಡು ಬರುವವರೇ ಹೆಚ್ಚು. ಮಾರುವವನು ಒಳ್ಳೆಯ ಎಲೆ ಇಡುವುದೂ ಅಲ್ಲಿಯೇ. ಐದರವರೆಗೆ ಚೀಲಗಳಿದ್ದರೆ ಎಲ್ಲವನ್ನೂ ಬಿಚ್ಚಿ. 6ರಿಂದ 50 ಇದ್ದರೆ ಯಾವುದಾದರೂ ಐದನ್ನು. 50 ದಾಟಿದರೆ ನೂರಕ್ಕೆ ಹತ್ತರಂತೆ. ಪ್ರತಿ ಚೀಲದ ಮೇಲೆ, ನಡು, ತಳ ಮೂರೂ ಕಡೆಯಿಂದ ತೆಗೆಯಿರಿ. ಎಲ್ಲವನ್ನೂ ಬೆರೆಸಿ, ಚೌಕಾಕಾರದಲ್ಲಿ ಹರಡಿ, ನಾಲ್ಕು ಪಾಲು ಮಾಡಿ ಎದುರುಬದುರಿನ ಎರಡು ಪಾಲು ತೆಗೆದುಹಾಕಿ. ಉಳಿದದ್ದನ್ನು ಮತ್ತೆ ಬೆರೆಸಿ ಮತ್ತೆ ನಾಲ್ಕು ಪಾಲು ಮಾಡಿ, ಬೇಕಾದಷ್ಟು ಉಳಿಯುವವರೆಗೆ.

ಹೀಗೆ ಬಂದದ್ದರಲ್ಲಿ 100 ಗ್ರಾಂನಷ್ಟನ್ನು ಬಿಳಿ ಹಾಳೆಯ ಮೇಲೆ ಹರಡಿ ಕಡ್ಡಿ, ಕಲ್ಲು, ಬೇರೆ ಎಲೆ, ಹುಳುಗಳನ್ನು ಆರಿಸಿ ತೂಗಿ. ಆಡುಸೋಗೆಗೆ ಆಯುರ್ವೇದದ ಫಾರ್ಮಕೋಪಿಯ, ಅಂದರೆ ಔಷಧಿಗಳ ಗುಣಮಟ್ಟದ ಮಿತಿಗಳನ್ನು ಹೇಳುವ ಅಧಿಕೃತ ಗ್ರಂಥ, ಬಿಡುವುದು ಶೇ. 2ನ್ನು ಮಾತ್ರ.

ಹಂತ 4: ತೇವಾಂಶ

10 ಗ್ರಾಂ ಎಲೆಯನ್ನು ತೂಗಿದ ಬಟ್ಟಲಿನಲ್ಲಿಟ್ಟು 105 ಡಿಗ್ರಿ ಸೆಲ್ಸಿಯಸ್‌ನಲ್ಲಿ ಐದು ಗಂಟೆ ಒಣಗಿಸಿ, ಡೆಸಿಕೇಟರ್‌ನಲ್ಲಿ, ಅಂದರೆ ತೇವ ಹೀರುವ ಪುಡಿಯಿಟ್ಟ ಮುಚ್ಚಿದ ಪಾತ್ರೆಯಲ್ಲಿ, ಆರಿಸಿ ತೂಗಿ. ಆಮೇಲೆ ಗಂಟೆಗೊಮ್ಮೆ ತೂಗುತ್ತ, ಎರಡು ತೂಕಗಳ ವ್ಯತ್ಯಾಸ ಶೇ. 0.25ಕ್ಕೆ ಇಳಿಯುವವರೆಗೆ ಮುಂದುವರಿಸಿ. ಬಿಸಿ ಬಟ್ಟಲನ್ನು ಹಾಗೆಯೇ ತಕ್ಕಡಿಗೆ ಇಡಬೇಡಿ, ತಕ್ಕಡಿಯ ಮೇಲೆ ಫ್ಯಾನ್ ತಿರುಗಿಸಬೇಡಿ.

ಹಂತ 5: ಬೂದಿ

ನನಗೆ ಅತ್ಯಂತ ಪ್ರಿಯವಾದ ಪರೀಕ್ಷೆ ಇದು. ಒಂದು ಮಫಲ್ ಕುಲುಮೆ, ಉರಿ ತಾಳುವ ಎರಡು ಪುಟ್ಟ ಬಟ್ಟಲು ಅಂದರೆ ಕ್ರೂಸಿಬಲ್, ಸ್ವಲ್ಪ ಹೈಡ್ರೋಕ್ಲೋರಿಕ್ ಆಮ್ಲ ಇಷ್ಟಿದ್ದರೆ ಎಲೆ ತನ್ನ ಊರನ್ನು ತಾನೇ ಹೇಳಿಬಿಡುತ್ತದೆ.

ಖಾಲಿ ಕ್ರೂಸಿಬಲ್ ಅನ್ನು ಕಾಯಿಸಿ, ಆರಿಸಿ, ತೂಗಿಕೊಳ್ಳಿ. 2ರಿಂದ 3 ಗ್ರಾಂ ಪುಡಿ ಹಾಕಿ. ಮೊದಲು ಸಣ್ಣ ಉರಿಯಲ್ಲಿ ಹೊಗೆಯಾಡಿಸಿ. ಒಮ್ಮೆಲೇ ಕುಲುಮೆಗೆ ಹಾಕಿದರೆ ಉರಿ ಹತ್ತಿ ಪುಡಿ ಹಾರುತ್ತದೆ. ಬಳಿಕ 450 ಡಿಗ್ರಿ ಮೀರದಂತೆ, ಕಪ್ಪು ಹೋಗಿ ಬೂದಿ ಬೆಳ್ಳಗಾಗುವವರೆಗೆ ಸುಡಿ. ಒಂದು ಲೆಕ್ಕ ನೋಡಿ:

ಖಾಲಿ ಕ್ರೂಸಿಬಲ್: 31.2480 ಗ್ರಾಂ
ಎಲೆಪುಡಿ: 3.0020 ಗ್ರಾಂ
ಸುಟ್ಟ ಮೇಲೆ ಕ್ರೂಸಿಬಲ್ ಮತ್ತು ಬೂದಿ: 31.7285 ಗ್ರಾಂ
ಬೂದಿ: 0.4805 ಗ್ರಾಂ, ಅಂದರೆ ಶೇ. 16.0

ಆಡುಸೋಗೆಗೆ ಒಟ್ಟು ಬೂದಿಯ ಮಿತಿ ಶೇ. 21. ಎಲೆಗಳ ಮಟ್ಟಿಗೆ ಇದು ದೊಡ್ಡ ಸಂಖ್ಯೆಯೇ. ಈ ಎಲೆಯಲ್ಲಿ ಸಹಜವಾಗಿಯೇ ಖನಿಜಗಳು ಹೆಚ್ಚು. ಹಾಗಾಗಿ 16 ಬಂದಿತೆಂದು ಹಿಗ್ಗಿ ಇಲ್ಲಿಗೆ ನಿಲ್ಲಿಸಿದರೆ ಮೋಸ ಹೋಗುತ್ತೀರಿ. ಅದೇ ಬೂದಿಗೆ 25 ಮಿ.ಲೀ. ದುರ್ಬಲ ಹೈಡ್ರೋಕ್ಲೋರಿಕ್ ಆಮ್ಲ ಹಾಕಿ ಐದು ನಿಮಿಷ ಕುದಿಸಿ, ಬೂದಿ ಉಳಿಸದ ಶೋಧಕ ಕಾಗದದಲ್ಲಿ ಸೋಸಿ, ಬಿಸಿನೀರಿನಲ್ಲಿ ತೊಳೆದು, ಕಾಗದದ ಸಮೇತ ಮತ್ತೆ ಸುಟ್ಟು ತೂಗಿ. 0.0660 ಗ್ರಾಂ ಉಳಿಯಿತು ಎನ್ನೋಣ. ಶೇ. 2.2 ಆಯಿತು. ಮಿತಿ ಶೇ. 1. ಲಾಟ್ ನಪಾಸು.

ಆಮ್ಲದಲ್ಲಿ ಕರಗದೆ ಉಳಿಯುವುದು ಮುಖ್ಯವಾಗಿ ಸಿಲಿಕಾ: ಮಣ್ಣು, ಮರಳು, ಗ್ರಾನೈಟ್ ಪುಡಿ, ಕಬ್ಬಿನ ಸಿಪ್ಪೆಯ ಬೂದಿ. ಸುಣ್ಣದ ಕಲ್ಲಿನ ದೂಳು ಆಮ್ಲದಲ್ಲಿ ನೊರೆಯೆದ್ದು ಕರಗಿಹೋಗುತ್ತದೆ. ಒಟ್ಟು ಬೂದಿ ಏರಿ ಆಮ್ಲದಲ್ಲಿ ಕರಗದ್ದು ಏರದಿದ್ದರೆ ಲೋಕಾಪುರದ ದಾರಿಯನ್ನು ನೆನೆಯಿರಿ. ಎರಡನೆಯದೂ ಏರಿದರೆ ಇಳಕಲ್ಲನ್ನೋ ಸಕ್ಕರೆ ಕಾರ್ಖಾನೆಯ ಚಿಮಣಿಯನ್ನೋ ಎರೆಮಣ್ಣಿನ ರಸ್ತೆಯನ್ನೋ ಅನುಮಾನಿಸಿ. ಮೊದಲ ಹಂತದ ನೋಟ್‌ಬುಕ್ ಈಗ ತೆರೆಯಿರಿ.

ನಪಾಸಾದ ಎಲೆಯನ್ನು ಮೊರದಲ್ಲಿ ಕೇರಿ, ಜರಡಿ ಹಿಡಿದು ಮತ್ತೆ ನೋಡಬಹುದು. ಮೇಲಿನ ದೂಳಷ್ಟೇ ಆಗಿದ್ದರೆ ಮಿತಿಯೊಳಗೆ ಬಂದೀತು. ಒಣಗಿದ ಎಲೆಯನ್ನು ತೊಳೆಯುವ ಸಾಹಸ ಬೇಡ, ದೂಳಿನ ಜೊತೆಗೆ ಸತ್ವವೂ ಹೋಗುತ್ತದೆ. ತೊಳೆಯುವುದಿದ್ದರೆ ಕೊಯ್ದ ದಿನವೇ, ಹಸಿಯಾಗಿದ್ದಾಗಲೇ.

ಹಂತ 6: ಎಲೆಯಿಂದ ಎಷ್ಟು ಇಳಿಯುತ್ತದೆ?

5 ಗ್ರಾಂ ಒರಟು ಪುಡಿಯನ್ನು 100 ಮಿ.ಲೀ. ಕ್ಲೋರೋಫಾರ್ಮ್ ನೀರಿನಲ್ಲಿ ಮುಚ್ಚಿದ ಫ್ಲಾಸ್ಕಿನಲ್ಲಿಡಿ. ಮೊದಲ ಆರು ಗಂಟೆ ಆಗಾಗ ಅಲುಗಾಡಿಸಿ, ಉಳಿದ 18 ಗಂಟೆ ಸುಮ್ಮನೆ ಬಿಡಿ. ನೀರಿಗೆ ಕ್ಲೋರೋಫಾರ್ಮ್ ಸೇರಿಸುವುದು ಇಷ್ಟು ಹೊತ್ತಿನಲ್ಲಿ ಅದು ಹುಳಿಯಾಗದಿರಲಿ ಎಂದು. ಸೋಸಿ, ಅದರಲ್ಲಿ 25 ಮಿ.ಲೀ.ಯನ್ನು ಆವಿ ಮಾಡಿ, 105 ಡಿಗ್ರಿಯಲ್ಲಿ ಒಣಗಿಸಿ ತೂಗಿ. 0.2920 ಗ್ರಾಂ ಬಂದರೆ ನಾಲ್ಕರಿಂದ ಗುಣಿಸಿ, 5ರಿಂದ ಭಾಗಿಸಿ: ಶೇ. 23.4. ಫಾರ್ಮಕೋಪಿಯದ ಪ್ರಕಾರ ಆಡುಸೋಗೆಯಲ್ಲಿ ಕನಿಷ್ಠ ಶೇ. 22 ಇರಬೇಕು. ನೀರಿನ ಬದಲು ಆಲ್ಕೋಹಾಲ್‌ನಲ್ಲಿ ಮಾಡಿದರೆ ಕನಿಷ್ಠ ಶೇ. 3.

ಈ ಎರಡು ಸಂಖ್ಯೆಗಳು ಇನ್ನೊಂದು ಗುಟ್ಟನ್ನೂ ಬಿಡಿಸುತ್ತವೆ. 100 ಕಿಲೋ ಎಲೆಯಿಂದ ನೀರಿನಲ್ಲಿ 22 ಕಿಲೋಗೂ ಹೆಚ್ಚು ಇಳಿಯುತ್ತದೆ ಎಂದಾದರೆ ಎಲೆಗೂ ಸಾರಕ್ಕೂ ಇರುವ ಅನುಪಾತ ಹೆಚ್ಚೆಂದರೆ ನಾಲ್ಕೂವರೆಗೆ ಒಂದು. ಆದರೂ ಹತ್ತಕ್ಕೆ ಒಂದು ಎಂಬ ಚೀಟಿ ಹಚ್ಚಿದ ಆಡುಸೋಗೆಯ ನೀರಿನ ಸಾರ ಮಾರಾಟಕ್ಕೆ ಬರುತ್ತದೆ. ಅರ್ಧಕ್ಕಿಂತ ಹೆಚ್ಚು ಸತ್ವವನ್ನು ಚರಟದಲ್ಲೇ ಬಿಟ್ಟಿದ್ದಾರೆ, ಇಲ್ಲವೆ ಅಂಕಿ ಬರೀ ಅಲಂಕಾರ. ಯಾವುದೆಂದು ಮಾರುವವರನ್ನೇ ಕೇಳಿ; ಉತ್ತರ ಕೊಡುವ ರೀತಿಯಲ್ಲೇ ಗೊತ್ತಾಗುತ್ತದೆ.

ಹಂತ 7: ಸಾರ ತೆಗೆಯುವಾಗ ಬರೆದಿಡಬೇಕಾದದ್ದು

ಬಾಗಲಕೋಟೆ, ವಿಜಯಪುರದ ಬೋರ್‌ವೆಲ್ ನೀರು ಗಡಸು. ಅದರಲ್ಲಿ ಎಲೆ ಕುದಿಸಿ ಇಂಗಿಸಿದರೆ ನೀರಿನ ಸುಣ್ಣವೆಲ್ಲ ಸಾರದಲ್ಲೇ ಉಳಿದು ಸಾರದ ಬೂದಿ ಏರುತ್ತದೆ, ಆಗ ತಪ್ಪು ಎಲೆಯ ತಲೆಗೆ ಬರುತ್ತದೆ. ಖನಿಜ ತೆಗೆದ ನೀರನ್ನೇ ಬಳಸಿ. ಆಲ್ಕೋಹಾಲ್ ಬಳಸುವುದಾದರೆ ಅಬಕಾರಿ ಇಲಾಖೆಯ ಪರವಾನಗಿ ಮೊದಲು. ಇಂಗಿಸುವಾಗ ಒತ್ತಡ ಇಳಿಸಿ, ಬಿಸಿಯನ್ನು 60 ಡಿಗ್ರಿಯೊಳಗೆ ಇಡಿ. ಎಲೆಯ ತೂಕ, ದ್ರಾವಕದ ಅಳತೆ, ಎಷ್ಟು ಹೊತ್ತು, ಎಷ್ಟು ಬಿಸಿ, ಕೊನೆಗೆ ಸಿಕ್ಕಿದ್ದೆಷ್ಟು, ಮಾಲ್ಟೋಡೆಕ್ಸ್ಟ್ರಿನ್‌ನಂಥ ಪುಡಿ ಬೆರೆಸಿದ್ದರೆ ಅದೆಷ್ಟು ಎಂಬುದೆಲ್ಲ ಬ್ಯಾಚ್ ಪುಸ್ತಕದಲ್ಲಿರಬೇಕು. ಹೊರಗಿನಿಂದ ಕೊಂಡ ಸಾರದಲ್ಲಿ ಪಿಷ್ಟ ಬೆರೆತಿರುವ ಅನುಮಾನವಿದ್ದರೆ ಒಂದು ತೊಟ್ಟು ಅಯೋಡಿನ್ ಸಾಕು, ಕಡುನೀಲಿಯಾಗುತ್ತದೆ. ಮಾಲ್ಟೋಡೆಕ್ಸ್ಟ್ರಿನ್ ಹಾಗೆ ಸಿಕ್ಕಿಬೀಳುವುದಿಲ್ಲ.

ಹಂತ 8: ಬಣ್ಣದ ಪರೀಕ್ಷೆಗಳು, ಆಮೇಲೆ ಟಿಎಲ್‌ಸಿ

ಡ್ರಾಗೆನ್‌ಡಾರ್ಫ್ ಎಂಬ ಪರೀಕ್ಷಾ ದ್ರಾವಣ ಹಾಕಿದರೆ ಕಿತ್ತಳೆ, ಮೇಯರ್ ದ್ರಾವಣ ಹಾಕಿದರೆ ಕೆನೆಬಣ್ಣದ ಒತ್ತರ (ತಳಕ್ಕಿಳಿಯುವ ಗಸಿ): ಆಲ್ಕಲಾಯ್ಡ್ ಇದೆ ಎಂದರ್ಥ. ಯಾವ ಆಲ್ಕಲಾಯ್ಡ್ ಎಂದು ಇವು ಹೇಳುವುದಿಲ್ಲ. ವಿದ್ಯಾರ್ಥಿಗಳ ಪ್ರಬಂಧಗಳಲ್ಲಿ ಕೂಡುವ, ಕಳೆಯುವ ಚಿಹ್ನೆಗಳ ಪುಟಗಟ್ಟಲೆ ಕೋಷ್ಟಕಗಳಿಗೆ ನಾನು ಹೆಚ್ಚು ಬೆಲೆ ಕೊಡುವುದಿಲ್ಲ.

ಬೆಲೆ ಕೊಡಬೇಕಾದದ್ದು ಸಾರದ ಘಟಕಗಳನ್ನು ಪ್ಲೇಟಿನ ಮೇಲೆ ಚುಕ್ಕೆಗಳಾಗಿ ಬೇರ್ಪಡಿಸುವ ತೆಳುಪದರದ ಕ್ರೊಮಟೋಗ್ರಫಿಗೆ, ಅಂದರೆ ಟಿಎಲ್‌ಸಿಗೆ. 1 ಗ್ರಾಂ ಸಾರವನ್ನು 10 ಮಿ.ಲೀ. ಮೆಥನಾಲ್‌ನಲ್ಲಿ ನೀರಿನ ಹಬೆಯ ಮೇಲೆ ಹತ್ತು ನಿಮಿಷ ಬೆಚ್ಚಗೆ ಮಾಡಿ ಸೋಸಿ. ಸಿಲಿಕಾ ಜೆಲ್ 60 ಎಫ್254 ಪ್ಲೇಟಿನ ತಳದಿಂದ ಸ್ವಲ್ಪ ಮೇಲೆ ಪೆನ್ಸಿಲ್ ಗೆರೆ ಎಳೆದು ನಾಲ್ಕು ಗುರುತು ಹಾಕಿ: ಶುದ್ಧ ವ್ಯಾಸಿಸಿನ್, ಖಾತ್ರಿಯಾದ ಎಲೆಯ ಸಾರ, ಕಳೆದ ಬ್ಯಾಚ್, ಈ ಬ್ಯಾಚ್. ನಾವು ಬಳಸುವ ದ್ರಾವಕ ಈಥೈಲ್ ಅಸಿಟೇಟ್, ಮೆಥನಾಲ್, ಅಮೋನಿಯ 8:2:0.2. ಗಾಜಿನ ತೊಟ್ಟಿಯಲ್ಲಿ ಅದರ ಆವಿ ತುಂಬಲು ಇಪ್ಪತ್ತು ನಿಮಿಷ ಬಿಟ್ಟು ಪ್ಲೇಟ್ ಇಳಿಸಿ, ದ್ರಾವಕ 8 ಸೆಂ.ಮೀ. ಏರಿದೊಡನೆ ತೆಗೆಯಿರಿ. ಒಣಗಿಸಿ 254 ಮತ್ತು 366 ನ್ಯಾನೋಮೀಟರ್ ಬೆಳಕಿನಲ್ಲಿ ಫೋಟೋ ತೆಗೆದು, ಕೊನೆಯಲ್ಲಿ ಡ್ರಾಗೆನ್‌ಡಾರ್ಫ್ ಸಿಂಪಡಿಸಿ. ವ್ಯಾಸಿಸಿನ್‌ನ ಎತ್ತರದಲ್ಲಿಯೇ ಕಿತ್ತಳೆ ಚುಕ್ಕೆ ಬರಬೇಕು.

ಬೆಳಗಾವಿಯ ಮಳೆಗಾಲದಲ್ಲಿ ಸಿಲಿಕಾ ತೇವ ಹೀರಿಕೊಂಡು ಚುಕ್ಕೆಗಳು ಇದ್ದಲ್ಲಿ ಇರುವುದಿಲ್ಲ. ಪ್ಲೇಟನ್ನು 110 ಡಿಗ್ರಿಯಲ್ಲಿ ಅರ್ಧ ಗಂಟೆ ಕಾಯಿಸಿ ಡೆಸಿಕೇಟರ್‌ನಲ್ಲಿಡಿ. ಆದರೂ ಪುಸ್ತಕದ ಆರ್‌ಎಫ್ ಅಂಕಿಯನ್ನು (ದ್ರಾವಕ ಏರಿದ ಎತ್ತರದಲ್ಲಿ ಚುಕ್ಕೆ ಏರಿದ ಪಾಲು) ನಂಬಬೇಡಿ, ಅದೇ ಪ್ಲೇಟಿನ ಮೇಲಿರುವ ಶುದ್ಧ ವ್ಯಾಸಿಸಿನ್ ಅನ್ನು ನಂಬಿ. ಸರಿದರೆ ಎರಡೂ ಒಟ್ಟಿಗೇ ಸರಿಯುತ್ತವೆ. ಚುಕ್ಕೆಗಳ ಪೂರ್ತಿ ಸಾಲು ಖಾತ್ರಿಯಾದ ಎಲೆಯದಕ್ಕೆ ಹೊಂದಬೇಕು. ವ್ಯಾಸಿಸಿನ್ ಒಂದೇ ದಪ್ಪಗೆ ಕಂಡು ಉಳಿದ ಚುಕ್ಕೆಗಳು ಇಲ್ಲದಿದ್ದರೆ ಯಾರೋ ಅದನ್ನು ಹೊರಗಿನಿಂದ ಬೆರೆಸಿರಬಹುದು.

ಹಂತ 9: ವ್ಯಾಸಿಸಿನ್ ಎಷ್ಟಿದೆ

ಇದಕ್ಕೆ ಘಟಕಗಳನ್ನು ಬೇರ್ಪಡಿಸಿ ಅಳೆಯುವ ಎಚ್‌ಪಿಎಲ್‌ಸಿ ಅಥವಾ ಎಚ್‌ಪಿಟಿಎಲ್‌ಸಿ ಯಂತ್ರ ಬೇಕು, ಹೊರಗೆ ಮಾಡಿಸಿ. ವರದಿಯಲ್ಲಿ ಅಂಕಿ ಒಣತೂಕದ ಮೇಲಿದೆಯೋ ಇದ್ದ ಸ್ಥಿತಿಯಲ್ಲಿದೆಯೋ ಎಂಬುದನ್ನು ಮಾತ್ರ ತಪ್ಪದೆ ಕೇಳಿ. ಸಾರದಲ್ಲಿ ಶೇ. 8 ತೇವವಿದ್ದು ವ್ಯಾಸಿಸಿನ್ ಶೇ. 1.20 ಬಂದಿದ್ದರೆ, ಒಣತೂಕದ ಮೇಲೆ 1.20ನ್ನು 0.92ರಿಂದ ಭಾಗಿಸಿ ಶೇ. 1.30. ಎರಡು ಬ್ಯಾಚ್‌ಗಳನ್ನು ಹೋಲಿಸುವುದು ಈ ಎರಡನೆಯ ಅಂಕಿಯಿಂದಲೇ.

ಹಂತ 10: ಲೋಹ, ಸೂಕ್ಷ್ಮಜೀವಿ, ದ್ರಾವಕದ ಶೇಷ

ಆಯುರ್ವೇದ ಔಷಧಿಗಳಿಗೆ ಲೋಹದ ಮಿತಿ ಹೀಗಿದೆ: ಸೀಸ 10 ಪಿಪಿಎಂ (ಹತ್ತು ಲಕ್ಷ ಭಾಗಕ್ಕೆ ಹತ್ತು ಭಾಗ), ಆರ್ಸೆನಿಕ್ 3, ಪಾದರಸ 1, ಕ್ಯಾಡ್ಮಿಯಂ 0.3. ಎಲೆ ಪಾಸಾಯಿತೆಂದು ಸಾರವನ್ನು ಬಿಡಬೇಡಿ. ಎಲೆಯಲ್ಲಿ 4 ಪಿಪಿಎಂ ಸೀಸವಿದ್ದು ನಾಲ್ಕೂವರೆ ಪಟ್ಟು ಇಂಗಿಸಿದರೆ, ಎಲ್ಲವೂ ಇಳಿದರೆ, 18 ಆಗುತ್ತದೆ. ಎಲ್ಲ ಸೀಸವೂ ನೀರಿಗೆ ಇಳಿಯುವುದಿಲ್ಲ ಎಂಬುದು ನಿಜ, ಆದರೆ ಎಷ್ಟು ಇಳಿಯಿತು ಎಂದು ಪರೀಕ್ಷಿಸದೆ ಹೇಗೆ ಹೇಳುವುದು? ಹೆದ್ದಾರಿಯ ಬದಿಯ ಬೇಲಿಯ ಎಲೆಗೆ ಈ ಎಚ್ಚರ ಹೆಚ್ಚು ಬೇಕು.

ಬ್ಯಾಕ್ಟೀರಿಯ ಗ್ರಾಂಗೆ 1,00,000 ಮೀರಬಾರದು, ಯೀಸ್ಟ್ ಮತ್ತು ಬೂಷ್ಟು 1,000 ಮೀರಬಾರದು. ಇ. ಕೋಲಿ, ಸಾಲ್ಮೊನೆಲ್ಲ, ಸ್ಟಾಫಿಲೊಕಾಕಸ್ ಆರಿಯಸ್, ಸ್ಯೂಡೊಮೊನಾಸ್ ಎರುಗಿನೋಸ ಇರಲೇಬಾರದು. ಬೂಷ್ಟು ಕಂಡ ಲಾಟ್‌ಗೆ ಅಫ್ಲಟಾಕ್ಸಿನ್ ಪರೀಕ್ಷೆಯನ್ನೂ ಸೇರಿಸಿ. ಕಾಯಿಸಿದರೆ ಬೂಷ್ಟು ಸಾಯುತ್ತದೆ, ಅದರ ವಿಷ ಉಳಿಯುತ್ತದೆ. ಮೆಥನಾಲ್‌ನಲ್ಲಿ ತೆಗೆದ ಸಾರವಾದರೆ ಶೇಷ 3,000 ಪಿಪಿಎಂ ಒಳಗಿರಬೇಕು. ಕುಡಿಯುವ ಔಷಧಿಗೆ ಹೋಗುವ ಸಾರವನ್ನು ಮೆಥನಾಲ್‌ನಲ್ಲಿ ತೆಗೆಯುವುದೇ ನನಗೆ ಒಪ್ಪಿಗೆಯಿಲ್ಲ.

ಪ್ರಯೋಗಾಲಯ ಆಯುಷ್ ಔಷಧಿಗಳ ಪರೀಕ್ಷೆಗೆ ಅನುಮೋದನೆ ಪಡೆದಿರಬೇಕು. ಸ್ಯಾಂಪಲ್ ಮೇಲೆ ನಿಮ್ಮ ಹೆಸರಿನ ಬದಲು ಸಂಕೇತ ಹಾಕಿ. ವರ್ಷಕ್ಕೊಮ್ಮೆಯಾದರೂ ಒಂದೇ ಬ್ಯಾಚನ್ನು ಎರಡು ಸಂಕೇತಗಳಲ್ಲಿ ಕಳುಹಿಸಿ. ನಾವು ಹಾಗೆ ಮಾಡಿದಾಗ ಒಂದು ಕಡೆಯಿಂದ ಒಂದೇ ಸಾರಕ್ಕೆ ದೂರದೂರದ ಎರಡು ಸೀಸದ ಅಂಕಿಗಳು ಬಂದವು. ಅಲ್ಲಿಗೆ ಮತ್ತೆ ಕಳುಹಿಸಲಿಲ್ಲ. ವರದಿಯಲ್ಲಿ ‘ಪತ್ತೆಯಾಗಿಲ್ಲ’ ಎಂದಿದ್ದರೆ ಎಷ್ಟಕ್ಕಿಂತ ಕಡಿಮೆಯಾದರೆ ಅವರ ಯಂತ್ರಕ್ಕೆ ಕಾಣುವುದಿಲ್ಲ ಎಂದು ಕೇಳಿ. ಕ್ಯಾಡ್ಮಿಯಂ ಅನ್ನು 1 ಪಿಪಿಎಂವರೆಗೆ ಮಾತ್ರ ಕಾಣಬಲ್ಲ ವಿಧಾನದ ‘ಪತ್ತೆಯಾಗಿಲ್ಲ’ದಿಂದ ಏನೂ ತಿಳಿಯುವುದಿಲ್ಲ.

ಹಂತ 11: ನಪಾಸಾದಾಗ ಮತ್ತು ಪಾಸಾದ ಮೇಲೆ

ನಪಾಸಾದ ಸ್ಯಾಂಪಲನ್ನು ಪಾಸಾಗುವವರೆಗೆ ಮತ್ತೆ ಮತ್ತೆ ಪರೀಕ್ಷಿಸುವುದು ಪರೀಕ್ಷೆಯಲ್ಲ, ಹರಕೆ. ಮೊದಲು ತಕ್ಕಡಿ, ಲೆಕ್ಕ, ದ್ರಾವಣ ನೋಡಿ. ತಪ್ಪು ಸಿಕ್ಕರೆ ಬರೆದಿಟ್ಟು ಒಮ್ಮೆ ಮತ್ತೆ ಮಾಡಿ. ಸಿಗದಿದ್ದರೆ ಹೊಸದಾಗಿ ಸ್ಯಾಂಪಲ್ ತೆಗೆದು ಬೇರೊಬ್ಬರ ಕೈಯಲ್ಲಿ ಮಾಡಿಸಿ. ಅದೂ ನಪಾಸಾದರೆ ಬ್ಯಾಚ್‌ಗೆ ಕೆಂಪು ಚೀಟಿ.

ಪಾಸಾದ ಸಾರದ ಚೀಟಿಯಲ್ಲಿ ಗರ್ಭಿಣಿಯರು ವೈದ್ಯರನ್ನು ಕೇಳದೆ ಬಳಸಬಾರದು ಎಂದು ಬರೆಯಿರಿ. ವ್ಯಾಸಿಸಿನ್ ಗರ್ಭಕೋಶವನ್ನು ಸಂಕುಚಿಸುವ ಗುಣದ್ದು. ಪ್ರತಿ ಬ್ಯಾಚಿನಿಂದ ಎರಡು ಪೂರ್ತಿ ಪರೀಕ್ಷೆಗೆ ಸಾಲುವಷ್ಟನ್ನು ಗಾಳಿಯಾಡದ ಗಾಢಬಣ್ಣದ ಬಾಟಲಿಯಲ್ಲಿ ತೆಗೆದಿಡಿ. ಇನ್ನಷ್ಟನ್ನು 40 ಡಿಗ್ರಿ, ಶೇ. 75 ತೇವದ ಪೆಟ್ಟಿಗೆಯಲ್ಲಿ ಆರು ತಿಂಗಳಿಟ್ಟು 0, 3, 6ನೇ ತಿಂಗಳಲ್ಲಿ ತೆಗೆದು ನೋಡಿ: ಬಣ್ಣ, ತೇವಾಂಶ, ಟಿಎಲ್‌ಸಿ, ವ್ಯಾಸಿಸಿನ್. ಮೂರೂ ತಿಂಗಳ ಚುಕ್ಕೆಗಳನ್ನು ಒಂದೇ ಪ್ಲೇಟಿನ ಮೇಲೆ ಪಕ್ಕಪಕ್ಕ ಹಾಕಿ, ಜೊತೆಗೆ ಶುದ್ಧ ವ್ಯಾಸಿಸಿನೋನ್ ಕೂಡ. ವ್ಯಾಸಿಸಿನ್ ಚುಕ್ಕೆ ಸಣ್ಣದಾಗುತ್ತ ವ್ಯಾಸಿಸಿನೋನ್ ಚುಕ್ಕೆ ದೊಡ್ಡದಾಗುತ್ತ ಹೋದರೆ ಬಾಟಲಿಯ ಮುಚ್ಚಳ ಬದಲಿಸಿ, ಹೊಸ ಬ್ಯಾಚಿಗೆ ಮತ್ತೆ ಸೊನ್ನೆಯಿಂದ ತಿಂಗಳು ಎಣಿಸಿ.